ನಲ್ಲಿಯಲ್ಲಿ ಬಂದ ಅರಕ್ಕು

ಕಳೆದ ತಿಂಗಳು ಓಮಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಬೀದಿಯ ಶಿವರಾಮನ್ ಮಾವ ಅಡುಗೆಯವನ ಕೈಲಿ ಹೊಡೆಸಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಈ ಮನುಷ್ಯ ಹಿತ್ತಲಿಗೆ ಹೋಗಿ, ಸಾಂಬಾರಿನ ನೀರಿಗೆಂದು ಇಟ್ಟಿದ್ದ ಡ್ರಮ್ಮಿನೊಳಗಿಂದ ನಲ್ಲಿಯ ಪೈಪನ್ನು ಎಳೆದು ಹೊರಗೆ ಹಾಕಿದ್ದರು. ನೀರೆಲ್ಲ ಹೆಚ್ಚಿಟ್ಟ ತರಕಾರಿಯ ಮೇಲೆ, ಅಡುಗೆಯವನ ಪಂಚೆಯ ಮೇಲೆ. ಅವನು ಸೌಟು ಎತ್ತಿದ. ಮಾವ ಸೌಟಿನ ಕಡೆ ನೋಡಲೂ ಇಲ್ಲ. ಡ್ರಮ್ಮಿನ ಬಾಯಿಯ ಮೇಲೆ ಕೈ ಊರಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಗಲಿಸಿ ತೋರಿಸಿ, "ಒರು ಜಾಣ್, ತಂಬಿ. ಒರು ಜಾಣ್ ಮೇಲೆ ಇರುಕ್ಕಣುಂ" ಎಂದರು. ಪೈಪಿನ ತುದಿ ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲಿರಬೇಕು ಎಂದು ಅರ್ಥ. ಅಷ್ಟರಲ್ಲಿ ನಾನು ಓಡಿ ಹೋಗಿ, ಅವರ ಪರವಾಗಿ ಕೈ ಮುಗಿದು, ತೋಳು ಹಿಡಿದು ಪಂಕ್ತಿಗೆ ಕೂರಿಸಿದೆ. ಊಟದ ಎಲೆ ಮುಂದೆ ಕೂತ ಮೇಲೂ ಅವರ ಕಣ್ಣು ಹಿತ್ತಲಿನ ಬಾಗಿಲ ಮೇಲೇ ಇತ್ತು.

ಅವರಿಗೆ ತಲೆ ಕೆಟ್ಟಿದೆ ಎಂದು ನಂಬಿದವರು ಸೇಲಂನಲ್ಲಿ ಬೇಕಾದಷ್ಟು ಜನ ಇದ್ದಾರೆ. ತಲೆ ಕೆಟ್ಟಿಲ್ಲ. ಆ ಗೇಣಿಗೊಂದು ಕಾರಣ ಇದೆ, ಆ ಕಾರಣದಲ್ಲಿ ನನ್ನ ಮಗಳೂ ಇದ್ದಾಳೆ. ಅದಕ್ಕೇ ನಾನು ಇದನ್ನು ಬರೆಯುತ್ತಿರುವುದು.

ನಾನು ವಾಣಿಶ್ರೀ, ಕೊಳ್ಳೇಗಾಲದವಳು. ಮದುವೆಯಾಗಿ ಈ ಸೇಲಂನ ನೇಕಾರರ ಬೀದಿಗೆ ಬಂದೆ. ಇಲ್ಲಿ ಮನೆ ಮನೆಯಲ್ಲೂ ಆಡುವುದು ಕನ್ನಡ, ಓದುವುದು ಬರೆಯುವುದು ಮಾತ್ರ ತಮಿಳು. ಕನ್ನಡ ಅಕ್ಷರ ಬಲ್ಲವಳು ಇಡೀ ಬೀದಿಗೆ ನಾನೊಬ್ಬಳೇ. ಹಾಗಾಗಿ ನಾನು ಯಾರ ಬಗ್ಗೆ ಏನು ಬರೆದರೂ ಓದಿ ಜಗಳಕ್ಕೆ ಬರುವವರಿಲ್ಲ. ನನ್ನ ಅತ್ತೆ ರಂಗನಾಯಕಿಯೂ ಸೇರಿ.

ಬೀದಿ ಇಳಿಜಾರು. ಮೇಲಿನ ತುದಿಯಲ್ಲಿ ಶಿವರಾಮನ್ ಮಾವನ ಮನೆ, ಕೆಳಗಿನ ತುದಿಯಲ್ಲಿ ನಮ್ಮದು. ಮಾವ ಮಗ್ಗಕ್ಕೆ ಕೂರುವವರಲ್ಲ, ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಅದರಲ್ಲೂ ಅರಕ್ಕು. ಅರಗಿನ ಬಣ್ಣಕ್ಕೆ ಇಲ್ಲಿ ಹೇಳುವುದು ಹಾಗೆ. ಕೆಂಪೂ ಅಲ್ಲ ಕಂದೂ ಅಲ್ಲದ ಆ ಬಣ್ಣವನ್ನು ಬೇರೆಯವರೂ ಹಾಕುತ್ತಾರೆ. ಆದರೆ ಮಾವನ ನೂಲಿನ ಲಡಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದರೆ ಅದರ ಅಂಚಿನಲ್ಲಿ ಒಂದು ನೇರಳೆ ಛಾಯೆ ಓಡಿ ಮಾಯವಾಗುತ್ತದೆ. ಬೇರೆ ಯಾರ ಲಡಿಯಲ್ಲೂ ಅದು ಓಡುವುದಿಲ್ಲ. ಮುಹೂರ್ತದ ಸೀರೆ ಕೊಳ್ಳಲು ಬಂದವರು ಅಂಗಡಿಯಲ್ಲಿ "ಶಿವರಾಮನ್ ಅರಕ್ಕು ಇದೆಯಾ" ಎಂದು ಹೆಸರಿಟ್ಟೇ ಕೇಳುತ್ತಿದ್ದರು. ಇದರಿಂದ ಮನುಷ್ಯನಿಗೆ ಬರುವಷ್ಟು ಜಂಬ ಅವರಿಗೆ ಬಂದಿತ್ತು, ಅದರ ಮೇಲೆ ಸ್ವಲ್ಪ ಹೆಚ್ಚಾಗಿಯೂ ಬಂದಿತ್ತು.

ಅವರ ಗುಟ್ಟು ಇದ್ದದ್ದು ತೊಟ್ಟಿಯಲ್ಲಿ. ಬೇರೆಯವರು ಕೆಲಸ ಮುಗಿದ ಮೇಲೆ ಬಣ್ಣದ ನೀರು ಚೆಲ್ಲಿ ತೊಟ್ಟಿ ತೊಳೆಯುತ್ತಾರೆ. ಮಾವ ಎಂದೂ ಚೆಲ್ಲಿದವರಲ್ಲ. ಅವರ ಅಪ್ಪನ ಕಾಲದಿಂದಲೂ ಹಳೆಯ ಬಣ್ಣದ ನೀರನ್ನು ಮೊಸರಿನ ಹೆಪ್ಪಿನ ಹಾಗೆ ಉಳಿಸಿಕೊಂಡು, ನಲ್ಲಿ ನೀರು ಬಂದ ದಿನ ಅದರ ಮೇಲೇ ಹೊಸ ನೀರು ತುಂಬಿಸಿಕೊಳ್ಳುತ್ತಿದ್ದರು. ತುಂಬಿಸುವುದಕ್ಕೂ ಒಂದು ಕ್ರಮ ಇತ್ತು. ನೀರು ಮೇಲಿಂದ ಬಿದ್ದರೆ ನೊರೆ ಏಳುತ್ತದೆ, ನೊರೆ ಎದ್ದರೆ ರೇಷ್ಮೆಗೆ ಮಚ್ಚೆ ಬೀಳುತ್ತದೆ. ಆದ್ದರಿಂದ ನೀರು ಸದ್ದಿಲ್ಲದೆ ಒಳಗೆ ಬರಬೇಕು ಎಂದು ಅವರಪ್ಪ ಹೇಳಿಕೊಟ್ಟಿದ್ದರು. ನಲ್ಲಿಗೆ ಸಿಕ್ಕಿಸಿದ ಪೈಪನ್ನು ತೊಟ್ಟಿಯ ತಳದವರೆಗೂ ಇಳಿಬಿಟ್ಟು, ಮೇಲೆ ಹಳೇ ಸೀರೆ ಹೊದಿಸಿ, ದೃಷ್ಟಿಯಾಗದಿರಲೆಂದು ಮೂಲೆಗೊಂದು ನಿಂಬೆಹಣ್ಣು ಕಟ್ಟಿಬಿಡುತ್ತಿದ್ದರು. ಬಣ್ಣ ಕೂರುವ ತನಕ ಹೆಂಡತಿ ಸೊಣ್ಣಮ್ಮನೂ ಆ ಸೀರೆ ಎತ್ತುವ ಹಾಗಿರಲಿಲ್ಲ. ಹೀಗಾಗಿ ಅದರ ಕೆಳಗೆ ಪೈಪು ಏನು ಮಾಡುತ್ತಿದೆ ಎಂದು ನೋಡಿದವರೇ ಇರಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ನಮ್ಮ ಬೀದಿಗೆ ಕಾವೇರಿ ನೀರು ದಿನಾ ಬರುವುದಿಲ್ಲ. ಬಂದ ದಿನ ಬೆಳಿಗ್ಗೆ ಬಂದು, ಮನಸ್ಸಿಗೆ ಬಂದಾಗ ನಿಲ್ಲುತ್ತದೆ. ನಿಂತ ಮೇಲೂ ಪೈಪಿನೊಳಗೆ ಸ್ವಲ್ಪ ನೀರು ಉಳಿದಿರುತ್ತದೆ ಎಂಬುದು ನಮ್ಮ ಅತ್ತೆಯ ನಂಬಿಕೆ. ಅದನ್ನೂ ಬಿಡಬಾರದೆಂದು ನಲ್ಲಿಗೆ ನೇರವಾಗಿ ಒಂದು ಮೋಟಾರು ಹಾಕಿಸಿದ್ದರು. ಹೀಗೆ ಹಾಕುವುದು ತಪ್ಪು, ಕಾರ್ಪೊರೇಷನ್‌ನವರು ಕಂಡರೆ ಕಿತ್ತುಕೊಂಡು ಹೋಗುತ್ತಾರೆ. ಆದ್ದರಿಂದ ಅದರ ಮೇಲೆ ಯಾವಾಗಲೂ ಗೋಣಿಚೀಲ ಇರುತ್ತಿತ್ತು. ನೀರು ನಿಂತ ತಕ್ಷಣ ಅತ್ತೆ ಗೋಣಿಯ ಕೆಳಗೆ ಕೈ ಹಾಕಿ ಸ್ವಿಚ್ ಒತ್ತುತ್ತಿದ್ದರು. ಮೋಟಾರು ಬೀದಿಯ ಪೈಪಿನಲ್ಲಿದ್ದುದನ್ನೆಲ್ಲ ಕೊನೆಯ ತೊಟ್ಟಿನವರೆಗೂ ಹೀರಿ ನಮ್ಮ ಡ್ರಮ್ಮಿಗೆ ಕಕ್ಕುತ್ತಿತ್ತು.

ಆಗ ನನ್ನ ಮಗಳು ಜೀವಿತಾಗೆ ಹಾಲಿನ ಜೊತೆ ರಾಗಿ ಸರಿ ತಿನ್ನಿಸಲು ಶುರು ಮಾಡಿದ್ದೆ. ಆ ದಿನವೂ ಬೆಳಿಗ್ಗೆ ನೀರು ಬಂದು ನಿಂತಿತು, ಅತ್ತೆ ಸ್ವಿಚ್ ಒತ್ತಿದರು. ಮೋಟಾರು ಕಕ್ಕಿದ ನೀರನ್ನು ನಾನು ಹಿತ್ತಾಳೆ ತಂಬಿಗೆಯಲ್ಲಿ ಹಿಡಿದು ತಂದು, ರಾಗಿ ಹಿಟ್ಟು ಕದಡಿ ಸರಿ ಬೇಯಿಸಿ, ಬಟ್ಟಲಿಗೆ ಹಾಕಿ ಆರಲು ಇಟ್ಟೆ. ನಮ್ಮ ಅಡುಗೆಮನೆಗೆ ಕಿಟಕಿಯೆಂಬುದು ಹೆಸರಿಗೆ ಮಾತ್ರ. ಅತ್ತ ಹಿತ್ತಲಲ್ಲಿ ಅತ್ತೆ ಮಗುವಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿತು.

"ವಾಣಿ, ಬಾ ಇಲ್ಲಿ. ಮಗು ಯಾಕೆ ಇಂಗಾಗೈತೆ ನೋಡು."

ಹೋಗಿ ನೋಡಿದರೆ ಮಗು ಹೊಸ ಮದುಮಗಳ ಕೆನ್ನೆಯ ಬಣ್ಣಕ್ಕೆ ತಿರುಗಿತ್ತು. ಕೆನ್ನೆ ಮಾತ್ರ ಅಲ್ಲ, ಹೊಟ್ಟೆ, ಮೊಣಕಾಲು, ಅಂಗಾಲು ಎಲ್ಲ. ಒರೆಸಲು ಇಟ್ಟಿದ್ದ ಬಿಳಿ ಪಂಚೆಯ ತುಂಡೂ ಅದೇ ಬಣ್ಣ. ಮಗು ಮಾತ್ರ ಕೈಕಾಲು ಆಡಿಸಿಕೊಂಡು ನಗುತ್ತಿತ್ತು.

"ಕುಂಕುಮದ ಬಟ್ಟಲು ಏನಾರ ಬಿತ್ತಾ ಅತ್ತೆ?"

"ಕುಂಕುಮ ಯಾಕೆ ಬೀಳ್ತೈತೆ. ಡ್ರಮ್ಮೇ ಅಂಗೈತೆ."

ಡ್ರಮ್ಮಿಗೆ ಬಗ್ಗಿ ನೋಡಿದೆ. ನೀರೆಲ್ಲ ಅದೇ ಬಣ್ಣ. ಅಡುಗೆಮನೆಯ ಬಟ್ಟಲು ನೆನಪಾಯಿತು. ಮಗುವಿನ ಸ್ನಾನ ಮೊದಲಾಗಿ ಊಟ ಆಮೇಲೆ ಎಂಬುದು ಅತ್ತೆಯ ಹಠ. ಅದಕ್ಕಾಗಿ ನಾವಿಬ್ಬರೂ ಎಷ್ಟೋ ಸಲ ಕಿತ್ತಾಡಿದ್ದೆವು. ಅವತ್ತು ಆ ಹಠಕ್ಕೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ಒಂಬತ್ತು ಗಂಟೆಯೊಳಗೆ ಬೀದಿಯ ಕೆಳಗಿನ ಮನೆಗಳವರೆಲ್ಲ ಕೈಯಲ್ಲಿ ಲೋಟ, ಚೊಂಬು ಹಿಡಿದುಕೊಂಡು ಹೊರಗೆ ಬಂದಿದ್ದರು. ಬರೀ ನಮ್ಮ ಮನೆ ಅಲ್ಲ, ಮೋಟಾರಿದ್ದ ಮನೆಗಳೆಲ್ಲದರಲ್ಲೂ ಇದೇ ಕಥೆ. ಒಬ್ಬರು ಪೈಪಿಗೆ ತುಕ್ಕು ಹಿಡಿದಿದೆ ಎಂದರು. ಒಬ್ಬರು ಯಾರೋ ಮೇಲ್ಗಡೆ ಬೀಟ್‌ರೂಟ್ ತೊಳೆದಿದ್ದಾರೆ ಎಂದರು, ಪೈಪಿನೊಳಗೆ ಹೊಕ್ಕು ಹೇಗೆ ತೊಳೆದರು ಎಂದು ಹೇಳಲಿಲ್ಲ. ಸೊಣ್ಣಮ್ಮ ಅತ್ತೆ, "ಚೌಡಮ್ಮಂಗೆ ಈ ವರ್ಸ ಅರಕ್ಕು ಸೀರೆ ಉಡಿಸ್ತೀವಿ ಅಂದು ಅಸುರು ಉಡಿಸಿದ್ರಲ್ಲ, ಕೇಳಾಕೆ ಬಂದವ್ಳೆ" ಎಂದರು. ಕೆಲವರು ತಪ್ಪಾಯಿತಮ್ಮಾ ಎಂದು ಕೆನ್ನೆ ಬಡಿದುಕೊಂಡರು. ಅಷ್ಟರಲ್ಲಿ ಶಿವರಾಮನ್ ಮಾವ ಇಳಿದು ಬಂದರು. ನನ್ನ ಕೈಯ ಗಾಜಿನ ಲೋಟ ತೆಗೆದುಕೊಂಡು, ಅಭ್ಯಾಸಬಲದಿಂದ ಬಿಸಿಲಿಗೆ ಹಿಡಿದು ತಿರುಗಿಸಿದರು. ಅಂಚಿನಲ್ಲಿ ಸಣ್ಣಗೆ ನೇರಳೆ ಓಡಿತು. ನಾನೂ ನೋಡಿದೆ. ಅವರ ಮುಖದಲ್ಲಿ ಮೊದಲು ಸಂತೋಷ ಮೂಡಿತು, ಅದರ ಹಿಂದೆಯೇ ಬೆವರು.

"ತುಕ್ಕು" ಎಂದು ಹೇಳಿ ಲೋಟ ವಾಪಸ್ ಕೊಟ್ಟರು.

ಅವರ ಹೆದರಿಕೆ ನನಗೆ ಗೊತ್ತಿತ್ತು. ಅವರ ಮನೆಯಲ್ಲಿ ಬೋರ್ ಇಲ್ಲ. ನಲ್ಲಿ ಕಟ್ಟಾದರೆ ತೊಟ್ಟಿ ಒಣಗುತ್ತದೆ, ತೊಟ್ಟಿ ಒಣಗಿದರೆ ಅವರಪ್ಪನ ಹೆಪ್ಪು ಹೋಯಿತು, ಹೆಪ್ಪು ಹೋದರೆ ಶಿವರಾಮನ್ ಅರಕ್ಕು ಎಂಬ ಹೆಸರೂ ಹೋಯಿತು.

ಯಾರೋ ಫೋನ್ ಮಾಡಿದ್ದರಿಂದ ಕಾರ್ಪೊರೇಷನ್ ಜೀಪು ಬಂತು. ಜೀಪಿನ ಸದ್ದು ಕೇಳಿದ ಕೂಡಲೇ ಬೀದಿಯ ತುಂಬ ಗೋಣಿಚೀಲಗಳ ಓಡಾಟ. ನಮ್ಮ ಅತ್ತೆಗೆ ಗೋಣಿ ಸಾಲದೆಂದು ತೋರಿತೋ ಏನೋ, ಮೋಟಾರಿಗೆ ಒಂದು ರೇಷ್ಮೆ ತುಂಡು ಉಡಿಸಿ, ಕುಂಕುಮ ಇಟ್ಟು, ತಲೆಯ ಮೇಲೊಂದು ದಾಸವಾಳ ಸಿಕ್ಕಿಸಿದರು. ಜೀಪಿನಿಂದ ಇಳಿದದ್ದು ಜಯಪ್ರಿಯಾ ಎಂಬ ಎಂಜಿನಿಯರ್ ಹುಡುಗಿ, ಜೊತೆಗೆ ಬೀದಿಯ ವಾಲ್ವ್ ತಿರುಗಿಸುವವನು. ಹುಡುಗಿ ನೇರ ನಮ್ಮ ಹಿತ್ತಲಿಗೇ ಬಂದು, ದಾಸವಾಳದ ಮುಂದೆ ನಿಂತು, ಇದೇನೆಂದು ತಮಿಳಿನಲ್ಲಿ ಕೇಳಿದಳು.

"ಕುಲದೇವಂ" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ಮುಖ ಗಂಭೀರವಾಗಿಟ್ಟುಕೊಂಡು, "ವೈರು ಕಾಣ್ತೈತೆ, ಸೆರಗು ಎಳ್ದು ಮುಚ್ಚು. ಈ ಎಣ್ಣಿಗೆ ನಮ್ಮ ಮಾತು ತಿಳೀದು" ಎಂದರು.

"ದೇವ್ರಿಗೆ ವೈರು ಯಾಕವ್ವಾ ಬೇಕು" ಎಂದಳು ಜಯಪ್ರಿಯಾ. ಕನ್ನಡದಲ್ಲಿ. "ನಮ್ದು ಕಡಯಂಪಟ್ಟಿ ಕಡೆ. ನಮ್ಮನೇಲೂ ಇದೇ ಮಾತೇ ಆಡೋದು."

ಅತ್ತೆ ದಾಸವಾಳ ಸರಿಮಾಡುವ ನೆಪದಲ್ಲಿ ಅತ್ತ ತಿರುಗಿದರು.

ಜಯಪ್ರಿಯಾ ಮೋಟಾರಿನ ಗೊಡವೆಗೆ ಆಗಲೇ ಹೋಗಲಿಲ್ಲ. ನೀರನ್ನು ಎರಡು ಬಾಟಲಿಗೆ ತುಂಬಿಕೊಂಡು, ಮೂಸಿ ನೋಡಿ, ಇದು ತುಕ್ಕಲ್ಲ ಬಣ್ಣ, ಬೀದಿಯಲ್ಲಿ ಬಣ್ಣ ಹಾಕುವವರು ಯಾರು ಎಂದು ಕೇಳಿದಳು. ಎಲ್ಲರ ಕಣ್ಣೂ ಮೇಲಿನ ತುದಿಗೆ ಹೋಯಿತು. ಮಾವ ಆಕಾಶ ನೋಡುತ್ತಿದ್ದರು. ಆಗ ಗುಂಪಿನ ಹಿಂದಿನಿಂದ "ದಾರಿ ಬಿಡ್ರಪ್ಪಾ" ಎಂದು ಒಂದು ದನಿ ಬಂತು.

ಅದು ರಾಮಚಂದ್ರಪ್ಪ. ಪಕ್ಕದ ಬೀದಿಯ ಬಣ್ಣದವರು. ಚಿಕ್ಕಂದಿನಲ್ಲಿ ಶಿವರಾಮನ್ ಮಾವನ ಅಪ್ಪನ ಹತ್ತಿರವೇ ಕೆಲಸ ಕಲಿತವರು. ಬೇರೆ ಎಲ್ಲ ಬಣ್ಣವೂ ಅವರಿಗೆ ಒಲಿದಿತ್ತು, ಅರಕ್ಕು ಒಂದು ಬಿಟ್ಟು. ಅದರ ಹಿಂದೆ ಬಿದ್ದು ಅವರ ತಲೆ ಬೆಳ್ಳಗಾಗಿತ್ತು. ಅವರು ಲೋಟ ತೆಗೆದುಕೊಂಡು ಬಿಸಿಲಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಆ ನೇರಳೆ ಓಡಿದ ಅಂಚನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದರು.

"ನಂದೇ ಮೇಡಂ" ಎಂದರು. "ಇದು ನನ್ನ ಅರಕ್ಕೇ. ತಪ್ಪಾಗೋಯ್ತು. ಬೇಕಾದ್ರೆ ನನ್ನ ಕನೆಕ್ಷನ್ ಕಟ್ ಮಾಡಿ."

ಅವರ ಲೆಕ್ಕ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ರಾಮಚಂದ್ರಪ್ಪನವರ ಹಿತ್ತಲಲ್ಲಿ ಬೋರ್ ಇತ್ತು. ನಲ್ಲಿ ಹೋದರೆ ಅವರಿಗೆ ಹೋಗುವುದೇನೂ ಇಲ್ಲ. ಆದರೆ ಇಷ್ಟು ಜನರ ಎದುರಿಗೆ, ಸರ್ಕಾರದ ಎದುರಿಗೆ, ಆ ನೇರಳೆ ಓಡುವ ಬಣ್ಣ ತಮ್ಮದೆಂದು ಆಗಿಬಿಡುತ್ತದೆ.

"ನಿಮ್ದೇನಾ? ಬರ್ಕೊಳ್ಲಾ?" ಎಂದಳು ಜಯಪ್ರಿಯಾ.

"ಬರ್ಕೊಳ್ಳಿ. ರಾಮಚಂದ್ರಪ್ಪ ಅಂತ. ಅರಕ್ಕು ಅನ್ನೋದನ್ನ ಮರೀದೆ ಆಕ್ಕೊಳ್ಳಿ."

ನಾನು ಶಿವರಾಮನ್ ಮಾವನನ್ನೇ ನೋಡುತ್ತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಲ್ಲಿ ಉಳಿಯುತ್ತಿತ್ತು, ತೊಟ್ಟಿ ಉಳಿಯುತ್ತಿತ್ತು, ಸಂಜೆ ಕಾಫಿ ಕುಡಿದುಕೊಂಡು ಇರಬಹುದಿತ್ತು. ಅವರು ಟವೆಲನ್ನು ಹೆಗಲಿನಿಂದ ತೆಗೆದು ಹಿಂಡಿದರು. ಮತ್ತೆ ಹೆಗಲಿಗೆ ಹಾಕಿಕೊಂಡರು. ಸೊಣ್ಣಮ್ಮ ಅತ್ತೆ ಅವರ ಅಂಗಿ ಹಿಡಿದುಕೊಂಡಿದ್ದರು. ಜಯಪ್ರಿಯಾ ಪೆನ್ನಿನ ಕ್ಯಾಪ್ ತೆಗೆದಳು. ಅಷ್ಟೇ ಸಾಕಾಯಿತು.

"ನಿಂದೇನ್ಲಾ ಇದು" ಎಂದರು ಮಾವ. ಮೆಲ್ಲಗೆ ಶುರುವಾದ ದನಿ ಬರಬರುತ್ತ ಬೀದಿಯ ಆ ತುದಿ ಮುಟ್ಟಿತು. "ಲೋಟದ ಅಂಚು ನೋಡಿದ್ಯೇನ್ಲಾ ರಾಮಚಂದ್ರ? ನಿನ್ನ ತೊಟ್ಟೀಲಿ ಯಾವತ್ತಾದ್ರೂ ನೇರಳೆ ಓಡೈತಾ? ನಿನ್ನ ಅರಕ್ಕು ಎರಡು ಸಲ ಒಗೆದ್ರೆ ಇಟ್ಟಿಗೆ ಬಣ್ಣ ಆಯ್ತದೆ. ಅದ್ನ ಉಟ್ಕೊಂಡೋದೋಳು ಎರಡನೇ ದೀಪಾವಳೀಗೆ ಒರೆಸೋ ಬಟ್ಟೆ ಮಾಡ್ತಾಳೆ. ಇದು ನಮ್ಮಪ್ಪನ ನೀರು. ನನ್ನ ತೊಟ್ಟಿ ನೀರು. ಮೇಡಂ, ಶಿವರಾಮನ್ ಅಂತ ಬರ್ಕೊಳ್ಳಿ."

"ಆಗ್ಲಿ ತಾತಾ" ಎಂದಳು ಜಯಪ್ರಿಯಾ. "ತೊಟ್ಟಿ ತೋರ್ಸಿ."

ಮಾವ ಮುಂದೆ, ಬೀದಿ ಹಿಂದೆ. ಹೆಂಡತಿಗೂ ಮುಟ್ಟಗೊಡದ ಸೀರೆಯನ್ನು ಅವರೇ ಎತ್ತಿದರು. ಪೈಪು ತೊಟ್ಟಿಯ ತಳದಲ್ಲಿ ಸುತ್ತಿಕೊಂಡು ಮಲಗಿತ್ತು. ತೊಟ್ಟಿ ತುಂಬಿದ ಕೂಡಲೇ ತಿರುಗಿಸಿ ಮುಚ್ಚುತ್ತಿದ್ದ ನಲ್ಲಿ ಅವತ್ತು ತೆರೆದೇ ಇತ್ತು. ನೀರು ಇರಬೇಕಾದ ಗುರುತಿಗಿಂತ ಬಹಳ ಕೆಳಗೆ ಇಳಿದಿತ್ತು. ಬೆಳಿಗ್ಗೆಯೇ ಅದನ್ನು ಕಂಡಿದ್ದರಂತೆ, ಲಡಿ ಕುಡಿದಿರಬೇಕು ಎಂದುಕೊಂಡರಂತೆ.

ಜಯಪ್ರಿಯಾ ಭಾಷಣ ಮಾಡಲಿಲ್ಲ. ಒಂದು ಬಕೆಟ್ ತರಿಸಿ, ಇನ್ನೊಂದು ಪೈಪನ್ನು ನಲ್ಲಿಗೆ ಸಿಕ್ಕಿಸಿ ಬಕೆಟ್ಟಿನ ತಳಕ್ಕೆ ಇಳಿಬಿಟ್ಟಳು. ವಾಲ್ವಿನವನಿಗೆ ಹೇಳಿ ಸ್ವಲ್ಪ ಹೊತ್ತು ನೀರು ಬಿಡಿಸಿ, ಬಕೆಟ್ ತುಂಬಿದ ಮೇಲೆ ನಿಲ್ಲಿಸಿದಳು. ಆಮೇಲೆ ಸೊಣ್ಣಮ್ಮ ಅತ್ತೆಯಿಂದ ಅರಿಶಿನ ಕೇಳಿ ಇಸಿದುಕೊಂಡು ಬಕೆಟ್ಟಿಗೆ ಕದಡಿದಳು. ಕೊನೆಗೆ ನಮ್ಮ ಅತ್ತೆಯ ಕಡೆ ತಿರುಗಿ, "ಅವ್ವಾ, ನಿಮ್ಮ ಕುಲದೇವ್ರನ್ನ ಸ್ವಲ್ಪ ಓಡ್ಸಿ" ಎಂದಳು.

ಅತ್ತೆ ಬೀದಿಯವರೆಲ್ಲರ ಎದುರು ದಾಸವಾಳ ತೆಗೆದಿಟ್ಟು ಸ್ವಿಚ್ ಒತ್ತಬೇಕಾಯಿತು. ಮೇಲೆ ಬಕೆಟ್ಟಿನ ನೀರು ನೋಡನೋಡುತ್ತಿದ್ದ ಹಾಗೆ ಇಳಿಯಿತು. ಕೆಳಗೆ ನಮ್ಮ ಡ್ರಮ್ಮಿಗೆ ಅರಿಶಿನದ ನೀರು ಬಿತ್ತು. ಸುದ್ದಿ ಕೆಳಗಿಂದ ಮೇಲಕ್ಕೆ, ಬಾಯಿಂದ ಬಾಯಿಗೆ ಓಡಿತು. ಎಳನೀರಿಗೆ ಸ್ಟ್ರಾ ಹಾಕಿ ಹೀರುವುದೂ ಇದೂ ಒಂದೇ ಎಂದು ಆಗ ಜಯಪ್ರಿಯಾ ಹೇಳಿದಳು. ನೀರು ಒತ್ತಡದಲ್ಲಿ ಬರುತ್ತಿರುವವರೆಗೆ ಪೈಪು ಕೊಡುತ್ತದೆ. ನೀರು ನಿಂತು ಯಾರಾದರೂ ಎಳೆದರೆ ಅದೇ ಪೈಪು ತನ್ನ ತುದಿ ಯಾವುದರಲ್ಲಿ ಮುಳುಗಿದೆಯೋ ಅದನ್ನು ತೆಗೆದುಕೊಳ್ಳುತ್ತದೆ. ಅದು ಬಣ್ಣವೇ ಆಗಬೇಕೆಂದಿಲ್ಲ. ದನದ ಬಾನಿ ಇರಬಹುದು, ಬಟ್ಟೆ ನೆನೆಸಿದ ಟಬ್ ಇರಬಹುದು. "ನಿಮ್ಮದು ಬಣ್ಣ ಆಗಿದ್ದಕ್ಕೆ ಕಂಡ್ತು" ಎಂದಳು.

ಮತ್ತೆ ಬಕೆಟ್ ತುಂಬಿಸಿ, ಈ ಸಲ ಪೈಪಿನ ತುದಿಯನ್ನು ಅಂಚಿಗಿಂತ ಒಂದು ಗೇಣು ಮೇಲೆ ಕಟ್ಟಿಸಿದಳು. ಮೋಟಾರು ಗೊರಗೊರ ಎಂದು ಗಾಳಿ ಹೀರಿತು. ಬಕೆಟ್ಟಿನಿಂದ ಒಂದು ಹನಿಯೂ ಕದಲಲಿಲ್ಲ. ಆಮೇಲೆ ತೀರ್ಮಾನ. ಹಿಂದಕ್ಕೆ ನೀರು ಬಿಡದ ವಾಲ್ವ್ ಕೂರಿಸುವ ತನಕ ಮಾವನ ನಲ್ಲಿಗೆ ಬೀಗ. ವಾಲ್ವಿಗೆ ಮರಳು ಸಿಕ್ಕಿಕೊಂಡರೆ ಅದೂ ಕೈಕೊಡುತ್ತದೆ, ಆದ್ದರಿಂದ ಗೇಣು ಮಾತ್ರ ಎಂದೆಂದಿಗೂ ಬಿಡುವ ಹಾಗಿಲ್ಲ. ಬೀದಿಯ ಪೈಪನ್ನು ತೊಳೆದು ಮದ್ದು ಹಾಕಿ ಬಿಡುವವರೆಗೆ ಲಾರಿ ನೀರು. ಇನ್ನು ಮೋಟಾರುಗಳು. ನಮ್ಮ ಕುಲದೇವರು ರೇಷ್ಮೆ ಉಟ್ಟುಕೊಂಡೇ ಜೀಪು ಹತ್ತಿದರು.

ಇಷ್ಟೆಲ್ಲ ಆದರೂ ಶಿವರಾಮನ್ ಮಾವನ ಮುಖದಲ್ಲಿ ಬೇಸರವೇ ಇರಲಿಲ್ಲ. ನಲ್ಲಿ ಹೋದದ್ದು ಸರಿ, ಆದರೆ ಬಣ್ಣ ಅವರದೆಂದು ಬೀದಿ ಒಪ್ಪಿತ್ತಲ್ಲ. ರಾಮಚಂದ್ರಪ್ಪನವರು ತಲೆ ಬಗ್ಗಿಸಿಕೊಂಡು ಹೋದ ಮೇಲಂತೂ ಮಾವ ಜಗಲಿಯ ಮೇಲೆ ಕಾಲು ಚಾಚಿ ಕೂತು, "ಅರ್ಧ ತೊಟ್ಟಿ ನೀರು ಕಣ್ರಯ್ಯಾ. ಇಡೀ ಬೀದಿ ಪೈಪ್ ತುಂಬಾ ಓಗಿ, ಡ್ರಮ್ಮಿಗೆ ಬಿದ್ದು, ಅಂಗೂ ಅಂಚಲ್ಲಿ ನೇರಳೆ ಬುಟ್ಟಿಲ್ಲ. ಎಂಥಾ ಕಸುವು ನೋಡ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ರಾಗಿ ಸರಿಯ ಬಟ್ಟಲು ತಂದೆ. ಬೆಳಿಗ್ಗೆಯಿಂದ ಅದು ಗೂಡಿನಲ್ಲಿ ಹಾಗೇ ಇತ್ತು. ಅವರ ಮುಂದೆ ಇಟ್ಟೆ.

"ಮಾವ, ಇದ್ರಲ್ಲಿ ನಿಮ್ ಬಣ್ಣ ಎಲ್ಲದೆ ತೋರ್ಸಿ."

"ಏನವ್ವಾ ಇದು?"

"ಮಗೀಗೆ ಅಂತ ಮಾಡಿದ್ ರಾಗಿ ಸರಿ. ಅದೇ ನೀರಲ್ಲಿ."

ಅವರು ಬಟ್ಟಲು ಎತ್ತಿಕೊಂಡರು. ಬಿಸಿಲಿಗೆ ಹಿಡಿದರು. ಓರೆ ಮಾಡಿದರು. ನೂರು ಅರಕ್ಕು ಲಡಿಗಳ ನಡುವೆ ತಮ್ಮದೊಂದನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆರಿಸುವ ಮನುಷ್ಯ. ರಾಗಿ ರಾಗಿಯ ಹಾಗೇ ಇತ್ತು. ಬೆರಳಲ್ಲಿ ಸ್ವಲ್ಪ ತೆಗೆದು ಬಿಳಿ ಟವೆಲಿಗೆ ಸವರಿ ನೋಡಿದರು. ಕಂದು, ಎಂದಿನ ಕಂದು. ಮತ್ತೆ ಬಟ್ಟಲನ್ನೇ ನೋಡಿದರು. ಜಗಲಿಯ ಮೇಲೆ ಚಾಚಿದ್ದ ಕಾಲು ಮಡಚಿಕೊಂಡವು.

"ಕಾಣಾಕಿಲ್ಲ ಕಣವ್ವಾ" ಎಂದರು.

"ನಂಗೂ ಕಾಣ್ನಿಲ್ಲ."

"ತಿನ್ನಿಸ್ದ್ಯಾ?"

ಸ್ವಲ್ಪ ಹೊತ್ತು ಉತ್ತರ ಕೊಡದೆ ನಿಂತೆ. ಅಷ್ಟು ಕಾಯಲಿ ಎನಿಸಿತು. ಆಮೇಲೆ ಅವರ ಮುಖ ನೋಡಲಾಗಲಿಲ್ಲ. "ಇಲ್ಲ. ಸ್ನಾನ ಆದ್ಮೇಲೆ ತಿನ್ನಿಸ್ಬೇಕಿತ್ತು" ಎಂದೆ. ಅವರು ಆ ಬಟ್ಟಲನ್ನು ವಾಪಸ್ ಕೊಡಲಿಲ್ಲ. ತಾವೇ ಹಿತ್ತಲಿಗೆ ಒಯ್ದು ಗುಂಡಿ ತೋಡಿ ಸರಿಯನ್ನು ಮುಚ್ಚಿ, ಬಟ್ಟಲನ್ನು ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೊಳೆದು, ಸಂಜೆ ತಂದುಕೊಟ್ಟರು. ಮಗುವನ್ನು ಎತ್ತಿಕೊಳ್ಳುತ್ತಾರೇನೋ ಎಂದುಕೊಂಡೆ. ಅದರ ಗುಲಾಬಿ ಅಂಗಾಲನ್ನು ದೂರದಿಂದ ನೋಡಿ ಹೊರಟುಹೋದರು.

ಆಮೇಲಿನದು ಇಡೀ ಬೀದಿಗೆ ಗೊತ್ತಿರುವ ಉಪದ್ರವ. ಬೀಗ ತೆಗೆದ ಮೇಲೆ ಮಾವ ತೊಟ್ಟಿಗೆ ಪೈಪನ್ನೇ ತೋರಿಸಲಿಲ್ಲ. ನಲ್ಲಿಯ ಕೆಳಗೆ, ಒಂದು ಗೇಣು ಬಿಟ್ಟು, ಬೇರೆ ಟಬ್ ಇಟ್ಟರು. ಅದಕ್ಕೆ ಬಿದ್ದ ನೀರಿನ ನೊರೆ ಇಳಿದ ಮೇಲೆ ಚೊಂಬಿನಲ್ಲಿ ಎತ್ತಿ, ತೊಟ್ಟಿಯ ಗೋಡೆಯ ಮೇಲೆ ಸದ್ದಿಲ್ಲದೆ ಇಳಿಬಿಡುತ್ತಾರೆ. ಬೆನ್ನು ಬಗ್ಗಿ ಹೋಗುವ ಕೆಲಸ. ನೇರಳೆ ಮೊದಲಿನ ಹಾಗೇ ಓಡುತ್ತದೆ ಎಂದು ನಾನು ಹೇಳುತ್ತೇನೆ, ಒಂದು ಕೂದಲೆಳೆ ಕಡಿಮೆಯಾಗಿದೆ ಎಂದು ರಾಮಚಂದ್ರಪ್ಪನವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಮಾವ ಅದಕ್ಕೆ ಜಗಳವಾಡುವುದಿಲ್ಲ. ಅವರಿಗೆ ಪುರುಸೊತ್ತಿಲ್ಲ. ಯಾರ ಹಿತ್ತಲಿಗಾದರೂ ಹೇಳದೆ ಕೇಳದೆ ನುಗ್ಗಿ, ಬಾನಿ, ಡ್ರಮ್ಮು, ಬಕೆಟ್ಟುಗಳ ಮೇಲೆ ಗೇಣು ಹಿಡಿದು ನೋಡಿ, ಮುಳುಗಿದ ಪೈಪು ಕಂಡರೆ ಎಳೆದು ಬಿಸಾಕುತ್ತಾರೆ. ಅತ್ತೆ ಸ್ನಾನ ಮಾಡುವಾಗ ಬಂದು ಬಚ್ಚಲ ಬಾಗಿಲು ತಟ್ಟಿ, "ರಂಗನಾಯಕಿ, ಪೈಪ್ ಅಂಡೆ ಒಳಗಾ ಮೇಲಾ?" ಎಂದು ಕೇಳಿ ಬೈಸಿಕೊಂಡಿದ್ದೂ ಆಗಿದೆ.

ಒಂದೇ ಒಂದು ಸಲ ಹಳೆಯ ಶಿವರಾಮನ್ ಮಾವ ಹೊರಗೆ ಬಂದರು. ಬಾಟಲಿ ನೀರಿನ ಪರೀಕ್ಷೆ ಮುಗಿದು, ಕುಡಿಯಲು ಯೋಗ್ಯವಲ್ಲ ಎಂದು ವರದಿ ಬಂದಿತ್ತು. ಅದರಲ್ಲಿ ಬಣ್ಣ ಎಂಬಲ್ಲಿ 'ತಿಳಿ ಗುಲಾಬಿ' ಎಂದಿತ್ತಂತೆ. ಮಾವ ಬಸ್ಸು ಹತ್ತಿ ಕಾರ್ಪೊರೇಷನ್ ಆಫೀಸಿಗೆ ಹೋಗಿ, ಯೋಗ್ಯವಲ್ಲ ಎಂಬುದನ್ನು ಒಪ್ಪಿದೆ, ಗುಲಾಬಿಯನ್ನು ಒಪ್ಪುವುದಿಲ್ಲ ಎಂದು ಜಯಪ್ರಿಯಾಳ ಮೇಜಿನ ಮುಂದೆ ಕೂತುಬಿಟ್ಟರು. ಅವಳು ಟೀ ತರಿಸಿಕೊಟ್ಟು ಕಳಿಸಿದಳು.

ಇನ್ನೊಂದು ಉಪದ್ರವ ನಮ್ಮ ಮನೆಗೆ ಮಾತ್ರ ಸೇರಿದ್ದು. ನೀರು ಬರುವ ದಿನ ಬೆಳಿಗ್ಗೆ ಮಾವ ತಮ್ಮ ಮನೆಯ ಗಾಜಿನ ಲೋಟ ಹಿಡಿದು ಇಳಿಜಾರು ಇಳಿದು ಬರುತ್ತಾರೆ. ನಮ್ಮ ನಲ್ಲಿಯ ಮೊದಲ ನೀರನ್ನು ಅದರಲ್ಲಿ ಹಿಡಿದು, ಬಿಸಿಲಿಗೆ ಎತ್ತಿ, ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ಪೂರ್ತಿ ಕುಡಿಯುತ್ತಾರೆ. ಅವರು ಕುಡಿದು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು, ತಮಗೆ ಏನೂ ಆಗಲಿಲ್ಲ ಎಂದು ಆದ ಮೇಲೆಯೇ ನಾನು ಮಗುವಿಗೆ ನೀರು ತುಂಬಿಕೊಳ್ಳಬೇಕು. ಕಣ್ಣಿಗೆ ಕಾಣದ್ದು ನೀರಿನಲ್ಲಿ ಬೇಕಾದಷ್ಟಿರುತ್ತದೆ, ಕುಡಿದು ನೋಡುವುದು ಪರೀಕ್ಷೆಯಲ್ಲ ಎಂದು ಜಯಪ್ರಿಯಾ ಹೇಳಿದ್ದಾಳೆ. ನನಗೂ ಗೊತ್ತು. ನಾನು ನೀರು ಕಾಯಿಸಿ ಆರಿಸಿಯೇ ಕೊಡುತ್ತೇನೆ. ಆದರೆ ಅವರನ್ನು ತಡೆಯಲು ನನಗೆ ಇವತ್ತಿಗೂ ಮನಸ್ಸಾಗಿಲ್ಲ.

ಜೀವಿತಾ ಈಗ ನಡೆಯುತ್ತಾಳೆ. ನಲ್ಲಿ ಸುಯ್ ಎಂದ ಕೂಡಲೇ ಬಾಗಿಲಿಗೆ ಹೋಗಿ ನಿಂತು ದಾರಿ ಕಾಯುತ್ತಾಳೆ. ಇವತ್ತು ಬೆಳಿಗ್ಗೆ ಲೋಟವನ್ನು ಅವರ ಕೈಯಿಂದ ಕಿತ್ತುಕೊಂಡು, ಅವರ ಹಾಗೇ ಬಿಸಿಲಿಗೆ ಎತ್ತಿ ಹಿಡಿದಳು. ಮಾವ ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ, ಲೋಟದ ಅಂಚನ್ನೇ ನೋಡಿದರು. ಬಹಳ ಹೊತ್ತು ನೋಡಿದರು.

"ಏನೈತೆ ತಾತಾ?" ಎಂದಳು.

"ಏನೂ ಇಲ್ಲ ಕಣವ್ವಾ" ಎಂದರು ಮಾವ. ಒಳ್ಳೆಯ ಲಡಿ ಹೊರಗೆ ಬಂದಾಗ ಅವರ ದನಿ ಹೇಗಿರುತ್ತದೋ ಹಾಗೆಯೇ ಇತ್ತು. "ಚೂರೂ ಇಲ್ಲ. ಕೊಡು, ನಾನು ಮೊದ್ಲು ಕುಡೀತೀನಿ."